ಬೋರಿಂಗ್ ಮಾಡುವಾಗ ಲೇತ್ ಕಿರುಚ್ತೈತಿ, ಹೋಲ್ ಒಳಗೆ ಅಲೆ ಅಲೆ ಗೆರೆ, ಸ್ಪಿಂಡಲ್ ಬೇರಿಂಗ್ ಹೋಗೈತಾ?

ಪಿಬಿರೋಡ್_ಲೇತ್

ಎಲ್ರಿಗೂ ನಮಸ್ಕಾರ. ದಾವಣಗೆರೆಲಿ ನಂದೊಂದು ಸಣ್ಣ ಲೇತ್ ಶಾಪ್ ಐತಿ, ಎರಡು ಲೇತು ಒಂದು ಡ್ರಿಲ್ಲಿಂಗ್ ಮಷಿನ್ನು, ನಾನು ಮತ್ತೊಬ್ಬ ಹುಡುಗ, ಅಷ್ಟೆ. ಟ್ರ್ಯಾಕ್ಟರು ಜೆಸಿಬಿ ಬುಷ್ಷು ಪಿನ್ನು, ಮೆಕ್ಕೆಜೋಳದ ಮಷಿನ್ ಶಾಫ್ಟು, ಸೀಸನ್ ಬಂದ್ರೆ ಚನ್ನಗಿರಿ ಕಡೆಯಿಂದ ಅಡಿಕೆ ಸುಲಿಯೋ ಮಷಿನ್ ಕೆಲ್ಸ, ಇಂಥವೇ ಜಾಸ್ತಿ.

ಈಗ ಜೆಸಿಬಿ ಬುಷ್ 6 ಪೀಸ್ ಬಂದಾವೆ. ಮಾಲು ಇಎನ್8 ಸ್ಟೀಲು, ಹೊರಗೆ 70, ಒಳಗೆ 52, ಉದ್ದ 140 ಎಂಎಂ. 45 ಡ್ರಿಲ್ ಹೊಡ್ಕೊಂಡು ಬೋರಿಂಗ್ ಮಾಡ್ತಿದೀನಿ, ಅಂದ್ರೆ ಹೋಲ್ ಒಳಗೆ ಟೂಲ್ ಬಿಟ್ಟು ದೊಡ್ಡದು ಮಾಡೋದು. ಟೂಲ್ ಹಿಡಿಯೋ ಬಾರ್ 25 ಎಂಎಂ, ಸ್ಪೀಡು 500 ಆರ್‌ಪಿಎಂ ಹತ್ರ. ಟೂಲ್ ಒಳಗೆ ಹೋಗಿದ್ದೇ ತಡ ಕೀರ್ ಅಂತ ಶುರುವಾಗ್ತೈತಿ, ಪಕ್ಕದ ಟೈರ್ ಅಂಗಡಿಯೋರು ಏನಾತ್ರೀ ಅಂತ ಎದ್ದು ಬರೋ ಅಷ್ಟು. ಟಾರ್ಚ್ ಹಾಕಿ ನೋಡಿದ್ರೆ ಒಳಗೋಡೆ ತಗಡಿನ ಶೀಟ್ ಇದ್ದಂಗೆ ಏರುತಗ್ಗು ಏರುತಗ್ಗು, ಗೆರೆಯಿಂದ ಗೆರೆಗೆ 3 ಎಂಎಂ ಮೇಲೆ ಚಿಲ್ಲರೆ ಇರ್ಬೋದು. ಚಕ್ (ಕೆಲಸದ ತುಂಡು ಕಚ್ಚಿ ಹಿಡಿಯೋ ಭಾಗ) ಕಡೆ ಒಳಗೆ ಹೋದಂಗೆ ಕಮ್ಮಿ, ಬಾಯಿ ಹತ್ರ ಜಾಸ್ತಿ. ಫಿನಿಶ್ ಚೊಲೋ ಬರ್ಲಿ ಅಂತ ಟೂಲ್ ಮೂತಿ ಗುಂಡಗೆ ಉಜ್ಜಿದೆ, ಕಟ್ಟು (ಒಂದ್ಸಲಕ್ಕೆ ಕತ್ತರಿಸೋ ಆಳ) 0.05 ಎಂಎಂಗೆ ಇಳಿಸಿದೆ, ಇನ್ನೂ ಜಾಸ್ತಿನೇ ಆತು.

ಮೆಕ್ಯಾನಿಕ್ ಒಬ್ರನ್ನ ಕರೆಸಿದ್ದೆ, ಬಂದು ಐದ್ ನಿಮಿಷ ನಿಂತು ಕೇಳಿ, ಚಕ್ ತಿರುಗಿಸೋ ಸ್ಪಿಂಡಲ್ಲಿನ ಬೇರಿಂಗ್ ಹೋಗೈತಿ, ಬಿಚ್ಚಬೇಕು, 40 ಸಾವಿರ ಆಗ್ತೈತಿ ಅಂದ್ರು. ಲೇತು ಹಳೇದೇ, ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್, ಅಪ್ಪನ ಕಾಲದ್ದು. 40 ಸಾವಿರ ಹಾಕೋಕೆ ಮುಂಚೆ ಒಂದ್ಸಲ ಇಲ್ಲಿ ಕೇಳೋಣ ಅಂತ. ಯಾರಿಗಾದ್ರೂ ಹಿಂಗೆ ಆಗಿತ್ತಾ?

ಹುಡ್ಗ_ವಿಎಂಸಿ

ಸ್ಪೀಡ್ ಕಮ್ಮಿ ಮಾಡಿ ನೋಡ್ರಿ ಬ್ರೋ. ಬ್ರೇಜ್ಡ್ ಟೂಲ್ (ತುದಿ ಬೆಸೆದಿರೋದು) ಬಿಟ್ಟು 0.4 ನೋಸ್ ರೇಡಿಯಸ್ (ಮೂತಿಯ ದುಂಡು) ಇರೋ, ಬದಲಾಯಿಸಬಹುದಾದ ಟಿಪ್ ಹಾಕಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ಹಳೇ_ಟರ್ನರ್_ಹರಿಹರ

ತಮ್ಮ, ಬೇರಿಂಗ್ ಬಿಚ್ಚಬ್ಯಾಡ. ಸದ್ದು ಕೇಳಿ ಬೇರಿಂಗ್ ಹೋಗೈತಿ ಅನ್ನೋರು ಕೆಮ್ಮು ಕೇಳಿ ಆಪರೇಷನ್ ಅನ್ನೋ ಡಾಕ್ಟ್ರು ಇದ್ದಂಗೆ.

ಮೊದ್ಲು ಒಂದು ಕೇಳ್ತೀನಿ. ಹೋಲ್ ಉದ್ದ 140 ಅಂದಿ. ಬಾರು ಅದನ್ನ ಬಿಗಿದು ಹಿಡಿಯೋ ಟೂಲ್‌ಪೋಸ್ಟಿಂದ ಎಷ್ಟು ಹೊರಗೆ ಬಿಟ್ಟೀಯ? ಸ್ಕೇಲ್ ಹಿಡಿದು ಅಳತೆ ಮಾಡಿ ಹೇಳು, ಅಂದಾಜು ಬ್ಯಾಡ.

ಎರಡನೇದು, ಬೇರಿಂಗ್ ನೋಡೋದು ಹಿಂಗೆ. ಮೇನ್ ಸ್ವಿಚ್ ಆಫ್ ಮಾಡು. ಡಯಲ್ (ಸಣ್ಣ ಅಲುಗಾಟ ಅಳೆಯೋ ಗೇಜು) ಸ್ಟ್ಯಾಂಡ್ ಬೆಡ್ ಮೇಲೆ ನಿಲ್ಲಿಸಿ ಮುಳ್ಳು ಸ್ಪಿಂಡಲ್ ಮೂತಿ ಮೇಲೆ ಇಡು, ಚಕ್ ಮೇಲೆ ಅಲ್ಲ ಸ್ಪಿಂಡಲ್ ಮೇಲೆ. ಚಕ್ ಕೆಳಗೆ ಒಂದು ಮರದ ತುಂಡು ಕೊಟ್ಟು ಮೇಲಕ್ಕೆ ಒತ್ತು, ಬಿಡು, ಒತ್ತು. ಮುಳ್ಳು ಎಷ್ಟು ಆಡ್ತೈತಿ ನೋಡು. ಒಂದೂವರೆ ಎರಡು ಗೆರೆ, ಅಂದ್ರೆ 0.02 ಒಳಗೆ ಇದ್ರೆ ನಿನ್ನ ಲೇತ್ ವಯಸ್ಸಿಗೆ ಚೊಲೋನೇ ಐತಿ ಅಂತ ಸುಮ್ನಿರು. ಅರ್ಧ ಗಂಟೆ ಓಡಿಸಿ ಸ್ಪಿಂಡಲ್ ಕೂತಿರೋ ಹೆಡ್‌ಸ್ಟಾಕ್ ಮುಟ್ಟಿ ನೋಡು, ಕೈ ಇಡಕ್ಕಾಗದಷ್ಟು ಬಿಸಿ ಆದ್ರೆ ಆವಾಗ ಬೇರೆ ಮಾತು.

ಪಿಬಿರೋಡ್_ಲೇತ್

ಯಜಮಾನ್ರೆ ಅಳತೆ ಮಾಡ್ದೆ, ಹೇಳಾಕೆ ನಾಚಿಕೆ ಆಗ್ತೈತಿ. 190 ಐತಿ. ಮೊದ್ಲು ಯಾವ್ದೋ ಉದ್ದನ್ನ ಜಾಬಿಗೆ ಕಟ್ಟಿದ್ದು, ಹಂಗೇ ಬಿಟ್ಟಿದ್ದೆ.

ಡಯಲ್ಲು 0.015 ತೋರಿಸ್ತು. ಬಿಸಿನೂ ಆಗ್ತಿಲ್ಲ, ಬೆಚ್ಚಗೆ ಅಷ್ಟೆ.

ಮೆಕ್_ಮೇಷ್ಟ್ರು

ನಾನು ಇಲ್ಲೇ ಮೆಕ್ಯಾನಿಕಲ್ ಪಾಠ ಮಾಡೋನು, ಲೇತ್ ಮೇಲೆ ಕೈ ಕಪ್ಪು ಮಾಡ್ಕೊಂಡಿದ್ದು ನಿಮ್ಮಷ್ಟಿಲ್ಲ, ಆದ್ರೆ ಇದರಲ್ಲಿ ಒಂದು ಸುಲಭದ ಪರೀಕ್ಷೆ ಇದೆ, ಅದನ್ನ ಹೇಳ್ತೀನಿ.

ನಡುಕ ಅಂದ್ರೆ ಎರಡು ಜಾತಿ. ಒಂದು ಹೊರಗಿಂದ ಬರೋದು: ಬ್ಯಾಲೆನ್ಸ್ ಇಲ್ಲದ ಚಕ್, ಗಂಟುಬಿದ್ದ ಬೆಲ್ಟ್, ಹಲ್ಲು ಸವೆದ ಗೇರ್, ಪಕ್ಕದಲ್ಲಿ ಪವರ್ ಪ್ರೆಸ್. ಇದು ಕಟಿಂಗ್ ಇಲ್ಲದಿದ್ರೂ ಇರುತ್ತೆ. ಇನ್ನೊಂದು ಕಟಿಂಗೇ ಹುಟ್ಟಿಸೋದು, ಇದಕ್ಕೇ ಚಾಟರ್ ಅನ್ನೋದು. ಟೂಲ್ ಎತ್ತಿದ್ರೆ ನಿಂತುಹೋಗುತ್ತೆ. ನಿಮ್ಮದು ಟೂಲ್ ಒಳಗೆ ಹೋದಮೇಲೆ ಶುರುವಾಗುತ್ತೆ ಅಂದ್ರಲ್ಲ, ಅಲ್ಲಿಗೆ ಬೇರಿಂಗ್ ಮೇಲಿನ ಅನುಮಾನ ಅರ್ಧ ಕಮ್ಮಿ ಆಯ್ತು.

ಚಾಟರ್ ಆಗೋದು ಹೇಗೆ ಅಂದ್ರೆ, ಬಾರ್ ಯಾವುದೋ ಕಾರಣಕ್ಕೆ ಒಂದ್ಸಲ ಅಲುಗಿತು ಅಂದ್ಕೊಳ್ಳಿ, ಲೋಹದ ಮೇಲೆ ಒಂದು ಸಣ್ಣ ಅಲೆ ಉಳೀತು, ಜಾಬ್ ಒಂದು ಸುತ್ತು ಹಾಕಿ ಬರೋ ಹೊತ್ತಿಗೆ ಅದೇ ಅಲೆ ಟೂಲ್ ಮುಂದೆ ಬರುತ್ತೆ, ಅಲ್ಲಿ ದಪ್ಪ ಸಿಕ್ಕಾಗ ಬಾರ್ ಬಾಗುತ್ತೆ ತೆಳ್ಳಗೆ ಸಿಕ್ಕಾಗ ವಾಪಸ್ ಬರುತ್ತೆ, ಹೀಗೆ ಹಳೇ ಅಲೆ ಹೊಸ ಅಲೆ ಮಾಡುತ್ತೆ, ಹೊಸದು ಇನ್ನೊಂದು ಮಾಡುತ್ತೆ. ಬಡ್ಡಿ ಮೇಲೆ ಬಡ್ಡಿ ಬೆಳೆದಂಗೆ. ಹೈಸ್ಪೀಡ್ ಸ್ಟೀಲ್ ಮೇಲೆ ಕೆಲಸ ಮಾಡಿದ ಟೇಲರ್ 1907ರಲ್ಲೇ ಇದು ಟರ್ನರ್‌ಗೆ ಎದುರಾಗೋ ಅತ್ಯಂತ ಕಗ್ಗಂಟಿನ ಸಮಸ್ಯೆ ಅಂತ ಬರೆದಿದ್ದ, ಅಲೆ ಮೇಲೆ ಅಲೆ ಅನ್ನೋ ಈ ಲೆಕ್ಕ ಸರಿಯಾಗಿ ಬಿಡಿಸಿದ್ದು 1950ರ ದಶಕದಲ್ಲಿ, ಟೋಬಿಯಾಸ್, ಟ್ಲಸ್ಟಿ ಮುಂತಾದ ಸಂಶೋಧಕರು.

ಪರೀಕ್ಷೆ ಇಷ್ಟೇ. ಮೊಬೈಲಲ್ಲಿ ಸೌಂಡ್ ಸ್ಪೆಕ್ಟ್ರಮ್ ತೋರಿಸೋ ಫ್ರೀ ಆಪ್ ಹಾಕ್ಕೊಳ್ಳಿ. 500ರಲ್ಲಿ ಕಿರುಚುವಾಗ ಎಷ್ಟು ಹರ್ಟ್ಸ್ ಅಂತ ನೋಡಿ. ಆಮೇಲೆ ಸ್ಪೀಡ್ ಇಳಿಸಿ ಮತ್ತೆ ನೋಡಿ. ಸ್ಪೀಡ್ ಇಳಿದಂತೆ ಸ್ವರನೂ ಇಳಿದ್ರೆ ಗೇರು ಬೆಲ್ಟು ಬೇರಿಂಗ್ ಕಡೆ ಹುಡುಕಿ. ಸ್ಪೀಡ್ ಏನೇ ಮಾಡಿದ್ರೂ ಸ್ವರ ಅಲ್ಲೇ ನಿಂತಿದ್ರೆ ಅದು ಬಾರೋ ಜಾಬೋ ತನ್ನ ಸ್ವಂತ ದನಿಯಲ್ಲಿ ಹಾಡ್ತಿದೆ ಅಂತ.

ದುರ್ಗದ_ಕಲ್ಲು

ಚಿತ್ರದುರ್ಗದಿಂದ. ನಮ್ದು ಬೋರ್‌ವೆಲ್ ಗಾಡಿ ರಿಪೇರಿ, ರಾಡ್ ಥ್ರೆಡ್ಡಿಂಗ್ ಎಲ್ಲ ಮಾಡ್ತೀವಿ. ನನ್ನ ಲೇತೂ ಹಿಂಗೇ ನಡುಗ್ತಿತ್ತು, ಆದ್ರೆ ಖಾಲಿ ಓಡಿದ್ರೂ ನಡುಗ್ತಿತ್ತು. ನೋಡಿದ್ರೆ ನಾಲ್ಕು ಕಾಲಲ್ಲಿ ಮೂರೇ ನೆಲಕ್ಕೆ ಕೂತಿದ್ವು, ಒಂದರ ಕೆಳಗೆ ಪೋಸ್ಟ್ ಕಾರ್ಡ್ ತೂರೋ ಅಷ್ಟು ಸಂದು. ಇನ್ನೊಂದು ಏನಪ್ಪಾ ಅಂದ್ರೆ ಮೂರು ವಿ-ಬೆಲ್ಟಲ್ಲಿ ಒಂದು ಹರೀತು ಅಂತ ಒಂದನ್ನೇ ಹೊಸದು ಹಾಕಿದ್ದೆ. ಹಳೇವು ಎರಡು ಉದ್ದ ಆಗಿರ್ತಾವೆ, ಹೊಸದು ಬಿಗಿ, ಪುಲಿ ಮೇಲೆ ಒಂದು ಎಳೀತೈತೆ ಎರಡು ಕುಣೀತಾವೆ. ಬೆಲ್ಟ್ ಹಾಕಿದ್ರೆ ಸೆಟ್ ಪೂರ್ತಿ ಹಾಕ್ಬೇಕು ಕಣ್ರಿ.

ನಿಮ್ಮ ದಾವಣಗೆರೆ ಕಡೆ ಎರೆಮಣ್ಣು ಬೇರೆ. ನಮ್ಮಲ್ಲಿ ಎರಡಡಿ ಅಗೆದ್ರೆ ಬಂಡೆ ಸಿಗ್ತೈತೆ, ಫೌಂಡೇಶನ್ ಕೋಟೆ ಕಟ್ಟಿದೋರೇ ಹಾಕಿ ಹೋಗವ್ರೆ. ಎರೆ ಮಳೆಗೆ ಉಬ್ಬತೈತೆ, ಬೇಸಿಗೆಗೆ ಬಿರಿತೈತೆ, ಮೇಲಿನ ಕಾಂಕ್ರೀಟ್ ಅದ್ರ ಜೊತೆ ಏಳತೈತೆ ಕೂರತೈತೆ. ವರ್ಷಕ್ಕೆ ಎರಡ್ಸಲ ಆದ್ರೂ ಮಟ್ಟ ನೋಡಿ. ಗಾರೆ ಕೆಲಸದ ಮಟ್ಟದಾಗೆ ಅಲ್ಲ, ಮೀಟರಿಗೆ 0.02 ತೋರ್ಸೋ ಮಷಿನ್ ಮಟ್ಟ ಬೇಕು.

ಹಳೇ_ಟರ್ನರ್_ಹರಿಹರ

ದುರ್ಗದೋರು ಹೇಳಿದ್ದು ಸರಿ, ಆದ್ರೆ ಅದು ಬೇರೆ ರೋಗ. ಇವಂದು ಖಾಲಿ ಓಡಿದ್ರೆ ಸುಮ್ನೆ ಐತಿ.

ತಮ್ಮ, 190 ಅಂದ್ರೆ ಬಾರ್ ದಪ್ಪದ ಏಳೂವರೆ ಪಟ್ಟು. ಸ್ಟೀಲ್ ಬಾರಿಗೆ ನಾಲ್ಕು ಪಟ್ಟು ತಂಕ ಧೈರ್ಯ, ಐದಕ್ಕೆ ಕೈ ನಡುಗ್ತೈತಿ, ಅದ್ರ ಮೇಲೆ ದೇವ್ರು ಕಾಪಾಡ್ಬೇಕು. ಕಾರ್ಬೈಡ್ ಬಾರಾದ್ರೆ ಆರು ಪಟ್ಟು ತಂಕ ಹೋಗ್ತೈತಿ, ಸ್ಟೀಲಿಗಿಂತ ಹತ್ರತ್ರ ಮೂರು ಪಟ್ಟು ಬಿಗಿ ಅದು, ರೇಟ್ ಕೇಳಿದ್ರೆ ಎದೆ ಒಡೀತೈತಿ. ಇನ್ನೊಂದು ಬಾರ್ ಬರ್ತೈತಿ, ಒಳಗೆ ಟೊಳ್ಳು ಮಾಡಿ ಎಣ್ಣೆ ತುಂಬಿ, ರಬ್ಬರ್ ಮೇಲೆ ಒಂದು ಭಾರದ ಗುಂಡು ಕೂರ್ಸಿರ್ತಾರೆ, ಬಾರು ಈ ಕಡೆ ಹೋದ್ರೆ ಗುಂಡು ಆ ಕಡೆ ಹೋಗಿ ನಡುಕ ನುಂಗ್ತೈತಿ, ಹತ್ತು ಪಟ್ಟು ಉದ್ದಕ್ಕೂ ನಡೀತೈತಿ. ನಿನಗೆ ಅದೆಲ್ಲ ಬ್ಯಾಡ.

ಮತ್ತೆ ಕೆಲವ್ರು ಬಾರನ್ನ ಹಾರ್ಡ್ ಮಾಡಿಸ್ತೀನಿ, ಇಎನ್24 ಅನ್ನೋ ಗಟ್ಟಿ ಸ್ಟೀಲ್ ಹಾಕ್ತೀನಿ ಬಾಗಲ್ಲ ಅಂತಾರೆ. ಸುಳ್ಳು. ಮೈಲ್ಡ್ ಸ್ಟೀಲಾದ್ರೂ ಇಎನ್24 ಆದ್ರೂ ಅದೇ ದಪ್ಪ ಅದೇ ಉದ್ದಕ್ಕೆ ಬಾಗೋದು ಒಂದೇ. ಹಾರ್ಡ್ ಮಾಡಿದ್ರೆ ಮುರಿಯೋದು, ಸವೆಯೋದು ಬದಲಾಗ್ತೈತಿ, ಬಾಗೋದಲ್ಲ. ನಾನೂ ಹುಡುಗನಿದ್ದಾಗ ಇದನ್ನ ನಂಬ್ದೆ ಎರಡು ಬಾರ್ ಹಾಳು ಮಾಡೀನಿ.

ಮೆಕ್_ಮೇಷ್ಟ್ರು

ಯಜಮಾನ್ರು ಹೇಳಿದ್ದಕ್ಕೆ ಲೆಕ್ಕ ಹಾಕಿ ಕೊಡ್ತೀನಿ. ಬಾರ್ ಬಾಗೋದು ಉದ್ದದ ಘನದ ಲೆಕ್ಕದಲ್ಲಿ ಜಾಸ್ತಿ ಆಗುತ್ತೆ, ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಕಮ್ಮಿ ಆಗುತ್ತೆ. 190 ಇರೋದನ್ನ 150ಕ್ಕೆ ತಂದ್ರೆ ಬಿಗಿ ಎರಡು ಪಟ್ಟು. 25 ಬಾರ್ ತೆಗೆದು 32 ಹಾಕಿದ್ರೆ ಸುಮಾರು 2.7 ಪಟ್ಟು. ಎರಡೂ ಸೇರಿದ್ರೆ ಐದು ಪಟ್ಟಿಗಿಂತ ಜಾಸ್ತಿ. ಇಷ್ಟನ್ನ ಯಾವ ಬೇರಿಂಗ್ ಬದಲಾಯಿಸಿದ್ರೂ ಕೊಡಲ್ಲ.

ಪಿಬಿರೋಡ್_ಲೇತ್

ಮೇಷ್ಟ್ರೆ ಆಪ್ ಹಾಕಿ ನೋಡ್ದೆ. 500ರಲ್ಲಿ 410 ಹತ್ರ ತೋರಿಸ್ತು. ಸ್ಪೀಡ್ 350ಕ್ಕೆ ಇಳಿಸಿದ್ರೂ ಅದೇ 410, ಸದ್ದು ಮಾತ್ರ ಸ್ವಲ್ಪ ಸಣ್ಣದು. ಅಂದ್ರೆ ಬಾರೇ ಕಳ್ಳ ಅಲ್ವಾ?

32 ಬಾರ್ ಐತಿ, ಆದ್ರೆ ನನ್ನ ಟೂಲ್‌ಪೋಸ್ಟಿಗೆ ಹಿಡಿಯಲ್ಲ.

ಮೆಕ್_ಮೇಷ್ಟ್ರು

ಸರಿ ಹೊಂದ್ತು ನೋಡಿ. 500 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 8.3 ಸುತ್ತು, 410ನ ಅದರಿಂದ ಭಾಗಿಸಿದ್ರೆ ಸುತ್ತಿಗೆ 49 ಅಲೆ. 52 ಹೋಲಿನ ಸುತ್ತಳತೆ 163 ಎಂಎಂ, 49ರಿಂದ ಭಾಗಿಸಿ, 3.3 ಬಂತು. ಮೊದಲನೇ ದಿನ ಗೆರೆಯಿಂದ ಗೆರೆಗೆ 3 ಚಿಲ್ಲರೆ ಅಂದಿದ್ರಿ ಅಲ್ವಾ. ಹೋಲ್ ಒಳಗೆ ಬರೆದಿರೋದೂ ಮೊಬೈಲ್ ಕೇಳಿಸಿಕೊಂಡಿದ್ದೂ ಒಂದೇ.

ಹುಡ್ಗ_ವಿಎಂಸಿ

ಹಂಗಾದ್ರೆ ಸ್ಪೀಡ್ ಅಡ್ಜಸ್ಟ್ ಮಾಡಿನೇ ತಪ್ಪಿಸಬಹುದಲ್ಲ ಸರ್? ನಾವು ವಿಎಂಸಿ ಮಿಲ್ಲಿಂಗ್ ಮಷಿನಲ್ಲಿ ಹಂಗೇ ಮಾಡೋದು. 4 ಹಲ್ಲಿನ ಎಂಡ್ ಮಿಲ್ ಟೂಲು 4800 ಆರ್‌ಪಿಎಂನಲ್ಲಿ ಕೂಗ್ತಿತ್ತು, ಆಪಲ್ಲಿ 1200 ಹರ್ಟ್ಸ್ ಬಂತು, 1200ನ 60ರಿಂದ ಗುಣಿಸಿ 4 ಹಲ್ಲಿಂದ ಭಾಗಿಸಿದ್ರೆ 18000, ಅದನ್ನ 2, 3, 4 ಅಂತ ಭಾಗಿಸ್ತಾ ಹೋದ್ರೆ 9000, 6000, 4500. ನಮ್ಮ ಮಷಿನ್ ಮ್ಯಾಕ್ಸ್ 6000, ಅಲ್ಲಿಗೇ ಏರಿಸಿದೆ, ಪಕ್ಕದಲ್ಲಿ ನಿಂತು ಮಾತಾಡಬಹುದು ಅಷ್ಟು ಸೈಲೆಂಟ್. ಕಮ್ಮಿ ಮಾಡಿದ್ರೆ ಅಲ್ಲ, ಜಾಸ್ತಿ ಮಾಡಿದ್ರೆ ನಿಂತಿದ್ದು. ನಮ್ಮ ಸೂಪರ್‌ವೈಸರ್‌ಗೆ ಇದನ್ನ ಒಪ್ಪಿಸೋದಕ್ಕೆ ಒಂದು ವಾರ ಬೇಕಾಯ್ತು.

ಮೆಕ್_ಮೇಷ್ಟ್ರು

ಮಿಲ್ಲಿಂಗಲ್ಲಿ ಸರಿ, ಲೇತಲ್ಲಿ ಆ ಆಟ ನಡೆಯಲ್ಲ. ನಿಮಗೆ ಒಂದು ಹಲ್ಲಿಂದ ಇನ್ನೊಂದು ಹಲ್ಲಿನ ಮಧ್ಯ ಮೂರ್ನಾಲ್ಕು ಅಲೆ, ಒಳ್ಳೇ ಸ್ಪೀಡುಗಳು ದೂರ ದೂರ ಇರ್ತವೆ, ಜಾಗ ಅಗಲ. ಇವರದು ಸುತ್ತಿಗೆ 49 ಅಲೆ. 49ಕ್ಕೂ 50ಕ್ಕೂ ಮಧ್ಯ 10 ಆರ್‌ಪಿಎಂ ವ್ಯತ್ಯಾಸ, ಗೇರ್ ಲಿವರಲ್ಲಿ ಅಷ್ಟು ಸಣ್ಣಗೆ ಎಲ್ಲಿ ಸಿಗುತ್ತೆ, ಸಿಕ್ಕಿದ್ರೂ ಲಾಭ ಚೂರೇ ಚೂರು.

ಲೇತಲ್ಲಿ ಸ್ಪೀಡ್ ಇಳಿಸೋದು ಕೆಲಸ ಮಾಡೋದು ಬೇರೆ ಕಾರಣಕ್ಕೆ. 160ಕ್ಕೆ ಇಳಿಸಿದ್ರೆ ಅದೇ 410 ಹರ್ಟ್ಸ್‌ಗೆ ಅಲೆ 1 ಎಂಎಂ ಆಗುತ್ತೆ. ಅಷ್ಟು ಒತ್ತೊತ್ತಾದ ಅಲೆಯ ಇಳಿಜಾರಿಗೆ ಟೂಲಿನ ಕೆಳಹೊಟ್ಟೆ ಉಜ್ಜುತ್ತೆ, ಆ ಉಜ್ಜಾಟನೇ ಬ್ರೇಕ್.

ಹಳೇ_ಟರ್ನರ್_ಹರಿಹರ

ಮೇಷ್ಟ್ರು ಹೇಳಿದ್ದು ನಾವು ಕಾರಣ ಗೊತ್ತಿಲ್ದೆ ಮಾಡ್ತಿದ್ವಿ. ಕೊನೇ ಕಟ್ಟು ನಿಧಾನ ತಿರುಗಿಸೋ ಬ್ಯಾಕ್ ಗೇರ್ ಹಾಕಿ, ಹೈಸ್ಪೀಡ್ ಸ್ಟೀಲಿನ, ಅಂದ್ರೆ ಎಚ್‌ಎಸ್‌ಎಸ್ ಟೂಲ್ ಬ್ಲೇಡ್ ತರ ಮಸೆದು, ಕಟಿಂಗ್ ಆಯಿಲ್ ಬಿಟ್ಟು ನಿಧಾನಕ್ಕೆ. ಟಿಪ್ ಹುಡುಗ್ರು ನಗ್ತಾರೆ, ನಗ್ಲಿ.

32 ಬಾರ್ ಹಿಡಿಯಲ್ಲ ಅಂದ್ರೆ ಟೂಲ್‌ಪೋಸ್ಟ್ ಬಿಚ್ಚಿಟ್ಟು ಅದ್ರ ಜಾಗಕ್ಕೆ ಒಂದು ಬ್ಲಾಕ್ ಮಾಡ್ಕೋ. ಕಾಸ್ಟ್ ಐರನ್ (ಬೀಡು) ತುಂಡು ಸಿಕ್ರೆ ಅದೇ ತಗೋ. ಸ್ಟೀಲಿಗೆ ಹ್ಯಾಮರ್ ಕೊಟ್ರೆ ಟಣ್ ಅಂತ ಎಷ್ಟೊತ್ತೋ ಹಾಡ್ತೈತಿ, ಬೀಡಿಗೆ ಕೊಟ್ರೆ ದಪ್ ಅಂತ ಅಲ್ಲೇ ಸಾಯ್ತೈತಿ, ಒಳಗಿರೋ ಗ್ರಾಫೈಟ್ ಪದರ ನಡುಕ ನುಂಗ್ತೈತಿ. ಲೇತ್ ಬೆಡ್ ಬೀಡಿಂದ ಮಾಡೋದ್ರ ಗುಟ್ಟು ಅದೇ. ಬ್ಲಾಕಿಗೆ 32 ಹೋಲ್ ಅದೇ ಲೇತಿನ ಚಕ್ಕಿಗೆ ಡ್ರಿಲ್ ಕಟ್ಟಿ ಹೊಡಿ, ಸೆಂಟರ್ ತಾನೇ ಬರ್ತೈತಿ. ಮೇಲೆ ಒಂದು ಸೀಳು ಹಾಕಿ ಮೂರು ಬೋಲ್ಟ್ ಕೊಡು. ಬ್ಲಾಕ್ ಉದ್ದ 100 ಆದ್ರೂ ಇರ್ಲಿ. ಬಾರ್ ಸುತ್ತ ಅಪ್ಪಿ ಹಿಡಿಯೋದಕ್ಕೂ ಎರಡು ಸ್ಕ್ರೂ ತುದಿಲಿ ಚುಚ್ಚಿ ಹಿಡಿಯೋದಕ್ಕೂ ಅಜಗಜಾಂತರ.

ಮೂತಿ ಗುಂಡಗೆ ಉಜ್ಜಿದೆ, ಕಟ್ಟು 0.05 ಮಾಡ್ದೆ ಅಂದ್ಯಲ್ಲ, ಎರಡೂ ಉಲ್ಟಾ. ಗುಂಡು ಮೂತಿ ಬಾರನ್ನ ಪಕ್ಕಕ್ಕೆ ತಳ್ತೈತಿ. 0.05 ಕಟ್ಟಲ್ಲಿ ಟೂಲ್ ಕತ್ತರಿಸಲ್ಲ, ಉಜ್ಜತೈತಿ. ಮೂತಿ ಸಣ್ಣದು ಮಾಡು, ಕತ್ತರಿಸೋ ಅಂಚು 90 ಡಿಗ್ರಿ ಹತ್ರ ಇರ್ಲಿ, ಆವಾಗ ಒತ್ತಡ ಬಾರ್ ಉದ್ದಕ್ಕೆ ಹೋಗ್ತೈತಿ, ಪಕ್ಕಕ್ಕಲ್ಲ. ಕಟ್ಟು ಮೂತಿ ರೇಡಿಯಸ್‌ಗಿಂತ ಜಾಸ್ತಿ ಕೊಡು, ಫೀಡ್ (ಸುತ್ತಿಗೆ ಟೂಲ್ ಮುಂದೆ ಹೋಗೋದು) ಒಂದು ಚೂರು ಏರ್ಸು. ಟೂಲ್ ತುದಿ ಸೆಂಟರ್‌ಗಿಂತ ಕೂದಲೆಳೆ ಮೇಲೆ ಕಟ್ಟು, ಭಾರ ಬಿದ್ದಾಗ ಬಾರ್ ಬಗ್ಗಿ ಸೆಂಟರಿಗೆ ಬರ್ತೈತಿ.

ಆದ್ರೂ ನನಗೊಂದು ಕೊರೀತೈತಿ. ಬಾಯಿ ಹತ್ರ ಜಾಸ್ತಿ, ಚಕ್ ಕಡೆ ಕಮ್ಮಿ ಅಂದಿ. ಬಾರ್ ಒಂದೇ ಕಳ್ಳ ಆಗಿದ್ರೆ ಆದಿಯಿಂದ ಅಂತ್ಯದ ತಂಕ ಒಂದೇ ತರ ಇರ್ಬೇಕು, ಬಾರಿನ ಉದ್ದ ಮಧ್ಯ ಬದಲಾಗಲ್ವಲ್ಲ. ಜಾಬೂ ಆಡ್ತೈತಿ. ಬುಷ್ ಬಿಚ್ಚಿ ಹೊರಗಡೆ ನೋಡು, ಜಾ (ಚಕ್ಕಿನ ಹಿಡಿಯೋ ದವಡೆ) ಹಿಡಿದ ಗುರುತು ಎಲ್ಲೈತಿ, ಎಷ್ಟುದ್ದ ಐತಿ.

ಪಿಬಿರೋಡ್_ಲೇತ್

ಯಜಮಾನ್ರೆ!! ಗುರುತು ಹಿಂದಿನ ತುದಿಲಿ ಮಾತ್ರ, ಬೆರಳು ಉಗುರಿನಷ್ಟು, 8 ಎಂಎಂ ಇರ್ಬೋದು. ಮುಂದೆ ಜಾ ಮುಟ್ಟೇ ಇಲ್ಲ. ಮೂರೂ ಕಡೆ ಹಂಗೇ.

ಹಳೇ_ಟರ್ನರ್_ಹರಿಹರ

ಸಿಕ್ತು. ಜಾ ಬಾಯಿ ಬಿಟ್ಟಾವೆ. ವರ್ಷಾನುಗಟ್ಟಲೆ ತುದಿಲಿ ಸಣ್ಣ ಜಾಬ್ ಬಿಗಿ ಹಿಡಿದೂ ಹಿಡಿದೂ ಮುಂದೆ ಸವೀತಾವೆ, ಆಮೇಲೆ ಹಿಂದೆ ಮಾತ್ರ ಕಚ್ತಾವೆ. 140 ಉದ್ದದ ಬುಷ್ಷು 8 ಎಂಎಂ ಮೇಲೆ ನಿಂತೈತಿ ಅಂದ್ರೆ ಇಕ್ಕಳದಾಗೆ ಬಾಟ್ಲಿ ಹಿಡಿದಂಗೆ.

ಸದ್ಯಕ್ಕೆ ಜಾ ಮುಂದಿನ ತುದಿಗೆ ತೆಳು ತಾಮ್ರದ ಪಟ್ಟಿ ಕೊಡು, ಮೂರಕ್ಕೂ ಒಂದೇ ದಪ್ಪದ್ದು. ಬುಷ್ ಹೊರಗೆ ಹಳೇ ಸೈಕಲ್ ಟ್ಯೂಬ್ ಉದ್ದಕ್ಕೆ ಸೀಳಿ ಎಳೆದು ಎಳೆದು ಸುತ್ತು, ತುದಿ ಒಳಗೆ ಸಿಗಿಸಿ ಗಟ್ಟಿ ಮಾಡು, ತಿರುಗುವಾಗ ಬಿಚ್ಚಿದ್ರೆ ಮುಖಕ್ಕೇ ಹೊಡೀತೈತಿ. ಲಾರಿ ಬ್ರೇಕ್ ಡ್ರಮ್ ಟರ್ನಿಂಗ್ ಮಾಡೋರು ಡ್ರಮ್ ಸುತ್ತ ರಬ್ಬರ್ ಪಟ್ಟಿ ಕಟ್ತಾರಲ್ಲ, ಅದೇ ವಿದ್ಯೆ. 9 ಎಂಎಂ ಗೋಡೆ ಗಂಟೆ ತರ ಹಾಡ್ತೈತಿ, ರಬ್ಬರ್ ಅದ್ರ ಬಾಯಿ ಮುಚ್ಚತೈತಿ.

ಪಿಬಿರೋಡ್_ಲೇತ್

ನಾಲ್ಕು ದಿನ ಆತು, ಅಪ್ಡೇಟ್ ಹಾಕ್ತಿದೀನಿ. ಬ್ಲಾಕ್ ಮಾಡ್ಕೊಂಡೆ, ಬೀಡು ಗುಜರಿ ಅಂಗಡಿಲಿ ಸಿಕ್ತು, ಯಾವ್ದೋ ಹಳೇ ಪಂಪಿನ ಬೇಸು. 32 ಬಾರು, ಹೊರಗೆ 150. ತಾಮ್ರದ ಪಟ್ಟಿ ಕೊಟ್ಟು ಹಿಡಿದೆ. ಇಷ್ಟಕ್ಕೇ ಕಿರುಚೋದು ಹೋಗಿ ಒಂದು ತರ ಗುಂಯ್ ಅನ್ನೋದು ಉಳೀತು. ಸೈಕಲ್ ಟ್ಯೂಬ್ ಸುತ್ತಿದೆ ನೋಡ್ರಿ, ಸ್ವಿಚ್ ಆಫ್ ಮಾಡ್ದಂಗೆ ನಿಂತೋತು. ಹುಡುಗ ಮಷಿನ್ ನಿಂತೋತೇನೋ ಅಂತ ಓಡಿ ಬಂದ. 0.5 ಕಟ್ಟು, ಕೊನೇದು ಯಜಮಾನ್ರ ಎಚ್‌ಎಸ್‌ಎಸ್ ವಿದ್ಯೆ 160ರಲ್ಲಿ. 4 ಪೀಸ್ ಆಗ್ಯಾವೆ, ಪಿನ್ ಹಾಕಿದ್ರೆ ಗಾಳಿ ಉಸ್ ಅಂತ ಹೊರಗೆ ಬರ್ತೈತಿ. ಮೊದ್ಲು ಹಾಳಾಗಿದ್ದು ಒಂದು ಪೀಸ್ ನನ್ನ ಲೆಕ್ಕಕ್ಕೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೇರಿಂಗ್ ಬ್ಯಾಡ ಅಂದೆ, ನಿಮ್ ಇಷ್ಟ ಅಂದು ಇಟ್ಟುಬಿಟ್ರು.

ಯಜಮಾನ್ರೆ, ದಿನಾ ತಾಮ್ರದ ಪಟ್ಟಿ ಕೊಡಾಕಾಗಲ್ಲ. ಜಾ ಗ್ರೈಂಡ್ ಮಾಡಿಸ್ಬೇಕಾ, ಹೊಸ ಚಕ್ ತಗೋಬೇಕಾ?

ಹಳೇ_ಟರ್ನರ್_ಹರಿಹರ

ಹೊಸ ಚಕ್ ಯಾಕೆ. ಟೂಲ್‌ಪೋಸ್ಟ್ ಗ್ರೈಂಡರ್ ಯಾರತ್ರನಾದ್ರೂ ಬಾಡಿಗೆಗೆ ತಗೋ, ಚಕ್ ಲೇತ್ ಮೇಲೇ ಇರ್ಲಿ. ಖಾಲಿ ಚಕ್ಕಲ್ಲಿ ಗ್ರೈಂಡ್ ಮಾಡಿದ್ರೆ ಉಪಯೋಗ ಇಲ್ಲ, ಹಿಡಿತದ ಭಾರ ಬಿದ್ದಾಗ ಜಾ ಮತ್ತೆ ಬಾಯಿ ಬಿಡ್ತಾವೆ. ಜಾ ಮೆಟ್ಟಿಲಿನ ಒಳಗಡೆಯೋ, ತುದಿಲಿ ಸಣ್ಣ ಕಚ್ಚು ಮಾಡಿನೋ ಒಂದು ರಿಂಗ್ ಕೂರ್ಸಿ, ಜಾಬ್ ಹಿಡಿಯೋ ದಿಕ್ಕಿಗೇ ಬಿಗಿ ಮಾಡಿ ಆಮೇಲೆ ಗ್ರೈಂಡ್ ಮಾಡು. ಮೂರೂ ಜಾ ಮೇಲೆ ಪೂರ್ತಿ ಉದ್ದ ಹೊಳಪು ಬರೋ ತಂಕ ಸಣ್ಣ ಸಣ್ಣ ಕಟ್ಟು. ಬೆಡ್ ಮೇಲೆ ಒದ್ದೆ ಬಟ್ಟೆ ಹಾಸೋದು ಮರೀಬ್ಯಾಡ, ಕಲ್ಲಿನ ಪುಡಿ ಬಿದ್ರೆ ಬೆಡ್ ತಿಂದುಬಿಡ್ತೈತಿ.

ದುರ್ಗದ_ಕಲ್ಲು

ನನ್ನ ಚಕ್ ಈಗ್ತಾನೆ ನೋಡ್ದೆ. ಗುರುತು ಹಿಂದಿನ ತುದಿಲೇ ಐತೆ. ಗ್ರೈಂಡರ್ ತಂದಾಗ ಹೇಳ್ರಿ, ಬಾಡಿಗೆ ಅರ್ಧ ನಾನು ಕೊಡ್ತೀನಿ, ಬಸ್ಸಿಗೆ ಹಾಕಿ ಕಳ್ಸಿ.